ಒಂಬತ್ತು ದಿನದ ಉಪ್ಪು

ಕಲ್ಲು ಬಂದದ್ದು ನವೆಂಬರ್ ಹದಿನಾಲ್ಕು, ಗುರುವಾರ. ಆ ದಿನವನ್ನು ಒಂದನೆಯ ದಿನವೆಂದು ಹಿಡಿದರೆ, ನಾರುತ್ತಿದ್ದ ನೀರು ತಿಳಿಯಾದದ್ದು ಹದಿನೆಂಟನೆಯ ದಿನ. ಸಂಜೆ ನೀರು ತುಂಬಿಸುವ ಕೆಲಸ ಕಾಸಿಲ್ದಾಳ ಕೈಯಿಂದ ಅವಳ ತಮ್ಮನ ಹೆಂಡತಿಯ ಕೈಗೆ ಹೋದದ್ದು ಹತ್ತೊಂಬತ್ತನೆಯ ದಿನ. ನೀರು ಮತ್ತೆ ನಾರಲು ಶುರುವಾದದ್ದು ಇಪ್ಪತ್ತೆಂಟನೆಯ ದಿನ. ನಡುವಿನ ಒಂಬತ್ತು ದಿನಗಳಲ್ಲಿ ಒಂದು ದಿನವೂ ಕಾಸಿಲ್ದಾಳ ನೋಟುಪುಸ್ತಕದಲ್ಲಿ ಖಾಲಿ ಬಿದ್ದಿಲ್ಲ.

ಅವಳ ಅಪ್ಪ ದೋನ್ ಎವೇಲಿಯೋ ಮೂವತ್ತು ವರ್ಷ ವೆರಾಕ್ರೂಸ್ ಬಂದರಿನಲ್ಲಿ ಹಡಗುಗಳ ತಳ ಕೆರೆದ ಮುಳುಗುಗಾರ. ನಿವೃತ್ತಿಯ ನಂತರ ಊರಿನ ನಾಲ್ಕು ಮನೆಗಳಲ್ಲಿ ಕಡಲನೀರಿನ ಮೀನುತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದರು. ಈಗ ಐದನೆಯದಾಗಿ ಒಬ್ಬ ದಂತವೈದ್ಯರ ಮನೆಯ ಹಜಾರಕ್ಕೆ ಎಲ್ಲಕ್ಕಿಂತ ದೊಡ್ಡ ತೊಟ್ಟಿ ಬರುವುದಿತ್ತು. ಅದಕ್ಕಾಗಿ ದಕ್ಷಿಣದ ಮೀನುಗಾರರ ಸಂಘವೊಂದು ಗಣಿಯ ಕಲ್ಲನ್ನು ನಾಲ್ಕು ವರ್ಷ ಕಡಲಲ್ಲಿ ಮುಳುಗಿಸಿ, ತೊಟ್ಟಿಯ ನೀರನ್ನು ಶುದ್ಧವಿಡುವ ಸಣ್ಣ ಜೀವಗಳನ್ನು ಮೇಲೆ ಬೆಳೆಸಿದ ಹನ್ನೊಂದು ಜೀವಕಲ್ಲುಗಳನ್ನೂ ಎರಡು ಚೀಲ ಜೀವಮರಳನ್ನೂ ಬಸ್ಸಿನಲ್ಲಿ ಕಳಿಸಿತ್ತು. ಆ ವಾರ ನೋರ್ತೆ ಎಂಬ ಉತ್ತರದ ಬಿರುಗಾಳಿ ಬೀಸಿ ರಸ್ತೆಯ ಮೇಲೆ ಮರಗಳು ಉರುಳಿದವು. ಒದ್ದೆ ಕಾಗದದಲ್ಲಿ ಸುತ್ತಿದ್ದ ಕಲ್ಲುಗಳು ಒಂದೂವರೆ ದಿನ ದಾರಿಯಲ್ಲೇ ಉಳಿದವು. ಮನೆಗೆ ಬರುವ ಹೊತ್ತಿಗೆ ಅವುಗಳ ಮೇಲಿದ್ದ ಜೀವದಲ್ಲಿ ಅರ್ಧ ಸತ್ತಿತ್ತು.

“ಸತ್ತಿದ್ದು ಪೂರ್ತಿ ಕೊಳೆತು ಹೋಗಬೇಕು, ಬದುಕಿರೋದು ಬದುಕಬೇಕು. ಅಲ್ಲಿವರೆಗೆ ಕತ್ತಲೆ, ಬಿಸುಪು, ಓಡಾಡೋ ನೀರು. ಅದಕ್ಕೇ ಹದ ಅನ್ನೋದು,” ಎಂದರು ದೋನ್ ಎವೇಲಿಯೋ, ಹಿತ್ತಲಿನ ಬಟ್ಟೆ ಒಗೆಯುವ ಕಟ್ಟೆಯ ಪಕ್ಕ ಇನ್ನೂರು ಲೀಟರಿನ ತೊಟ್ಟಿಯನ್ನು ತಳ್ಳಿ ನಿಲ್ಲಿಸುತ್ತ.

“ಅದು ನನ್ನ ಬಟ್ಟೆ ಒಗೆಯೋ ಜಾಗ,” ಎಂದರು ಅವರ ಹೆಂಡತಿ ದೋನ್ಯಾ ಎರ್ಮಿನಿಯಾ. “ಬಟ್ಟೆ ಇನ್ನೆಲ್ಲಿ ಒಗೀಲಿ, ನಿಮ್ಮ ತಲೆ ಮೇಲಾ?”

“ಆರು ವಾರ ಕಣೇ.”

“ಮದುವೆಯಾದಾಗ ನಿಮ್ಮಮ್ಮನ ಜೊತೆ ಆರು ತಿಂಗಳು ಇರೋಣ ಅಂದಿದ್ರಿ. ಇಪ್ಪತ್ತೆರಡು ವರ್ಷ ಇದ್ವಿ.”

ಪೆಟ್ಟಿಗೆ ಬಿಚ್ಚಿದಾಗ ಎದ್ದ ವಾಸನೆಗೆ ಪಕ್ಕದ ಮನೆಯ ನಾಯಿ ಬೊಗಳಿತು. ಕಾಸಿಲ್ದಾ ಐಸ್ ಕಾರ್ಖಾನೆಯಿಂದ ಆಗತಾನೆ ಬಂದಿದ್ದಳು. ಅಲ್ಲಿನ ನೀರು ಪರೀಕ್ಷೆಯ ಕೋಣೆಯಲ್ಲಿ ಅವಳಿಗೆ ಆರು ವರ್ಷದ ಅನುಭವ. ಕೈಯಲ್ಲಿ ಕೊಳೆತದ್ದು ನೀರಿಗೆ ಬಿಡುವ ಅಮೋನಿಯ ಅಳೆಯುವ ದ್ರಾವಣದ ಬಾಟಲಿಗಳೂ ಗಾಜಿನ ಕೊಳವೆಗಳೂ ಹೊಸ ನೋಟುಪುಸ್ತಕವೂ ಇದ್ದವು. ಅವಳು ಮೊದಲ ಪುಟದಲ್ಲಿ ಗೆರೆ ಎಳೆದು ಅಂಕಣಗಳನ್ನು ಮಾಡುತ್ತಿರುವಾಗ, ಅಪ್ಪ ತಮ್ಮ ಹಳೆಯ ಹಿತ್ತಾಳೆ ಹಿಡಿಯ ಬ್ರಷ್ಷನ್ನು ಯುರಿದಿಯಾಳ ಕೈಗೆ ಕೊಟ್ಟರು. ಯುರಿದಿಯಾ, ಕಾಸಿಲ್ದಾಳ ತಮ್ಮ ಫೆರ್ಮೀನನ ಹೆಂಡತಿ, ಮದುವೆಯಾಗಿ ಬಂದು ಎಂಟು ತಿಂಗಳಾಗಿತ್ತು. ಆ ಬ್ರಷ್ಷನ್ನು ಅಪ್ಪ ಇದುವರೆಗೆ ಯಾರಿಗೂ ಮುಟ್ಟಲು ಕೊಟ್ಟಿರಲಿಲ್ಲ.

“ಮಾವ, ಇದು ಕಲ್ಲಲ್ಲ, ನಿಮ್ಮ ಮಗನ ಕಾಲುಚೀಲ,” ಎಂದಳು ಯುರಿದಿಯಾ, ಮೂಗು ಮುಚ್ಚಿಕೊಳ್ಳದೆಯೇ.

ಅಪ್ಪ ನಕ್ಕರು. ಕಟ್ಟೆಯ ಅಂಚು ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕರು. ಕಾಸಿಲ್ದಾ ಅಂಕಣದ ಗೆರೆಯನ್ನು ಅಳಿಸಿ ಇನ್ನೊಮ್ಮೆ ಎಳೆದಳು.

ಯುರಿದಿಯಾ ಅಲ್ವರಾದೋ ಊರಿನವಳು. ಅಲ್ಲಿನವರ ಬಾಯಿಗೆ ಬೀಗವಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅವಳಪ್ಪ ಹಿನ್ನೀರಿನಲ್ಲಿ ಸಿಂಪಿ ತೆಗೆಯುವವನು. ಏಳನೆಯ ವಯಸ್ಸಿನಿಂದ ಅವಳು ಸಿಂಪಿಯ ಚೀಲಗಳ ಮುಂದೆ ಕುಳಿತು ಸತ್ತದ್ದನ್ನು ಮೂಸಿಯೇ ಬೇರೆ ಮಾಡುತ್ತಿದ್ದಳು. ನೂರು ಸಿಂಪಿಯಲ್ಲಿ ಒಂದು ಸತ್ತಿದ್ದರೂ ಅವಳ ಮೂಗಿಗೆ ಸಿಗುತ್ತಿತ್ತಂತೆ. ಅದನ್ನು ಹೇಳಿದ್ದು ಅವಳಲ್ಲ, ಅಪ್ಪ, ದಿನಕ್ಕೊಮ್ಮೆಯಂತೆ.

ಆರನೆಯ ದಿನ ಮರಳಿನ ಪ್ರಸಂಗ ನಡೆಯಿತು. ಅಗಲವಾದ ತಟ್ಟೆಯಲ್ಲಿ ಕಡಲನೀರು ಹಾಕಿ ಹರಡಿದ್ದ ಮರಳು ಕಂದುಬಣ್ಣಕ್ಕೆ ತಿರುಗಿತ್ತು. ದೋನ್ಯಾ ಎರ್ಮಿನಿಯಾ ಅದನ್ನು ತೊಳೆಯಲೆಂದು ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿದರು.

“ಅಮ್ಮಾ, ಬೇಡ. ಆ ಮರಳಿನ ಕಾಳಿನ ಮೇಲೆ ಎರಡು ಬಗೆಯ ಬ್ಯಾಕ್ಟೀರಿಯಾ ಇರ್ತವೆ. ಒಂದು ಅಮೋನಿಯಾನ ನೈಟ್ರೈಟ್ ಮಾಡುತ್ತೆ, ಇನ್ನೊಂದು...”

“ಕೊಳಕು ಅಂದ್ರೆ ಕೊಳಕು. ನಿನ್ನ ಬ್ಯಾಕ್ಟೀರಿಯಾಗೂ ಸ್ನಾನ ಬೇಡ್ವಾ?”

“ಅತ್ತೇ,” ಎಂದಳು ಯುರಿದಿಯಾ ಅಡುಗೆಮನೆಯ ಬಾಗಿಲಿನಿಂದ, “ಅದನ್ನ ನಲ್ಲಿ ನೀರಲ್ಲಿ ತೊಳೆಯೋದು ಅಂದ್ರೆ ಮಾವನ್ನ ಸೋಪು ಹಾಕಿ ಕುಕ್ಕಿ ಒಗೆದ ಹಾಗೆ. ಬಿಳಿ ಆಗ್ತಾರೆ, ಆದ್ರೆ ಏಳಲ್ಲ.”

ಅಮ್ಮ ಪೈಪನ್ನು ಕೆಳಗಿಟ್ಟು ನಕ್ಕರು. ಕಾಸಿಲ್ದಾ ಹೇಳಲು ಹೊರಟ ಎರಡನೆಯ ಬ್ಯಾಕ್ಟೀರಿಯಾ ಅಲ್ಲಿಗೇ ನಿಂತಿತು.

ಮೊದಲ ಎರಡು ವಾರ ವಾರಕ್ಕೆರಡು ಸಲ ಅರ್ಧದಷ್ಟು ನೀರು ಬದಲಾಯಿಸಬೇಕಿತ್ತು. ಬಕೆಟ್ ಎತ್ತುವಾಗಲೆಲ್ಲ ಅಪ್ಪನ ಮಂಡಿ ಬಗ್ಗುತ್ತಿರಲಿಲ್ಲ. ಹತ್ತನೆಯ ದಿನ, ಶನಿವಾರ ಮಧ್ಯಾಹ್ನ, ಅನ್ನ ಮತ್ತು ಮೀನಿನ ಸಾರಿನ ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಅವರು ಚಮಚ ಕೆಳಗಿಟ್ಟರು.

“ಕೇಳಿ. ಫೆಬ್ರವರಿಯ ಕಾರ್ನಿವಲ್ ಆದ ಮೇಲೆ ನಾನು ಬಕೆಟ್ ಎತ್ತೋದಿಲ್ಲ. ಐದು ತೊಟ್ಟಿ, ಗಾಡಿ, ಗಿರಾಕಿಗಳು, ಎಲ್ಲಾನೂ ಒಬ್ಬರ ಕೈಗೆ ಕೊಡ್ತೀನಿ.”

“ನನಗಂತೂ ಬೇಡ,” ಎಂದ ಫೆರ್ಮೀನ್. ಅವನಿಗೆ ಬಂದರಿನ ಕ್ರೇನಿನ ಕೆಲಸವಿತ್ತು. “ಮೀನು ತಟ್ಟೇಲಿದ್ರೆ ಮಾತ್ರ ನನಗೆ ಅದರ ಜೊತೆ ವ್ಯವಹಾರ.”

“ನಿನ್ನ ಕೇಳಿದೋರು ಯಾರು? ಈ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ. ಕಲ್ಲು ಹದವಾಗಲಿ, ನೋಡೋಣ.”

ಕಾಸಿಲ್ದಾಳ ಕೈಯಲ್ಲಿದ್ದ ರೊಟ್ಟಿಯ ತುಂಡು ಸಾರಿಗೆ ಬಿತ್ತು. ಒಂಬತ್ತು ವರ್ಷದವಳಿದ್ದಾಗಿನಿಂದ ಭಾನುವಾರಗಳಲ್ಲಿ ಅಪ್ಪನ ಗಾಡಿಯಲ್ಲಿ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದವಳು ಅವಳು. ಜೀವಶಾಸ್ತ್ರ ಓದಿದ್ದೂ ಅದಕ್ಕೇ. ಐಸ್ ಕಾರ್ಖಾನೆಯ ಕೆಲಸವನ್ನು ಎಂದು ಬಿಡುವುದೆಂಬುದನ್ನು ಅವಳು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು. “ಒಬ್ಬರಿಗೆ” ಎನ್ನುವಾಗ ಎರಡನೆಯ ಹೆಸರೊಂದು ಇರಬಹುದೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅಪ್ಪ ಸಾರಿನ ಪಾತ್ರೆಯಿಂದ ಮೀನಿನ ತಲೆಯನ್ನು ಸೌಟಿನಲ್ಲಿ ಎತ್ತಿದರು. ಆ ಮನೆಯಲ್ಲಿ ಮೀನಿನ ತಲೆ ಕಾಸಿಲ್ದಾಳದು. ಫೆರ್ಮೀನನಿಗೆ ಅದರ ಕಣ್ಣು ಕಂಡರೆ ಹೆದರಿಕೆ, ಅಮ್ಮನಿಗೆ ಹಲ್ಲು ನೋವು. ಸೌಟು ಮೇಜಿನ ಮೇಲೆ ಅರ್ಧ ಸುತ್ತು ಬಂದು ಯುರಿದಿಯಾಳ ತಟ್ಟೆಗೆ ಇಳಿಯಿತು.

“ತಿನ್ನು ಮಗಳೇ. ಮೂಗಿನವರಿಗೆ ತಲೆ.”

“ಅಯ್ಯೋ ಮಾವ, ಅತ್ತಿಗೆಗೆ ಕೊಡಿ, ಅವರಿಗೆ ಇಷ್ಟ.”

“ಬೇಡ,” ಎಂದಳು ಕಾಸಿಲ್ದಾ. “ನನಗೆ ಮುಳ್ಳು ಬಿಡಿಸಿ ಸಾಕಾಗಿದೆ.”

ಆ ವಾರ ಊಟದ ಮೇಜಿನಲ್ಲಿ ಅಪ್ಪ ಯುರಿದಿಯಾಳನ್ನು “ಮಗಳೇ” ಎಂದು ಕರೆದದ್ದು ಹನ್ನೊಂದು ಸಲ. ಕಾಸಿಲ್ದಾಳನ್ನು ಎರಡು ಸಲ. ಅದರಲ್ಲಿ ಒಂದು ಮೆಣಸಿನ ಬಟ್ಟಲು ಈ ಕಡೆ ತಳ್ಳು ಎನ್ನಲು.

ಹನ್ನೆರಡನೆಯ ದಿನ ಇನ್ನೂ ಕೆಟ್ಟದಾಗಿತ್ತು. ಅಮೋನಿಯ ಇಳಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಏರಿತು. ಕಾಸಿಲ್ದಾ ಮೂರು ಸಲ ಪರೀಕ್ಷೆ ಮಾಡಿ, ಸರಾಸರಿ ತೆಗೆದು, ಕಾರಣಗಳ ಪಟ್ಟಿ ಬರೆಯತೊಡಗಿದಳು. ಯುರಿದಿಯಾ ತೊಟ್ಟಿಯ ಮೇಲೆ ಬಗ್ಗಿ, ಅಂಗಿಯ ತೋಳು ಮಡಚಿ, ಬಲಗಡೆಯ ಮೂರನೆಯ ಕಲ್ಲಿನ ಬಿರುಕಿನೊಳಗೆ ಬೆರಳು ಹಾಕಿ ಕೊಳೆತ ಏಡಿಯೊಂದನ್ನು ಎಳೆದು ತೆಗೆದಳು. ಹತ್ತು ನಿಮಿಷವೂ ಆಗಿರಲಿಲ್ಲ.

“ನೋಡಿದ್ಯಾ?” ಎಂದು ಅಪ್ಪ ಕಾಸಿಲ್ದಾಳ ಕಡೆ ತಿರುಗಿದರು. “ನಿನ್ನ ಬಾಟಲಿ ‘ಏನೋ ಸತ್ತಿದೆ’ ಅನ್ನುತ್ತೆ. ಇವಳ ಮೂಗು ಮನೆ ನಂಬರೂ ಹೇಳುತ್ತೆ.”

“ಅಪ್ಪ, ನನ್ನ ಬಾಟಲಿ ಹೇಳದಿದ್ರೆ ಅವಳು ಹುಡುಕ್ತಾನೇ ಇರಲಿಲ್ಲ.”

“ನಾನು ಬೆಳಿಗ್ಗೇನೇ ಹೇಳಿದ್ದೆ ಅತ್ತಿಗೆ,” ಎಂದಳು ಯುರಿದಿಯಾ ಏಡಿಯನ್ನು ಬಾಲ ಹಿಡಿದ ಇಲಿಯಂತೆ ತೂಗಾಡಿಸುತ್ತ. “ನೀವು ಹಲ್ಲುಜ್ಜುತ್ತಿದ್ರಿ, ‘ಹೂಂ’ ಅಂದ್ರಿ.”

ಅದು ನಿಜವಾಗಿತ್ತು. ನಿಜವಾಗಿದ್ದದ್ದೇ ಹೆಚ್ಚು ಉರಿಯಿತು.

ಹದಿನೆಂಟನೆಯ ದಿನ ಅಮೋನಿಯ ಸೊನ್ನೆಗೆ ಬಂತು. ನೀರಿನಲ್ಲಿ ಕಡಲ ದಂಡೆಯ ಬೆಳಗಿನ ವಾಸನೆ ಮಾತ್ರ ಉಳಿಯಿತು. ಕಲ್ಲಿನ ಮೇಲಿನ ನೇರಳೆ ಹೊದಿಕೆ ಗಟ್ಟಿಯಾಗಿತ್ತು. ಬಿರುಕುಗಳಿಂದ ಪುಟ್ಟ ಬೀಸಣಿಗೆ ಹುಳುಗಳು ಗರಿ ಬಿಚ್ಚಿದ್ದವು. ತೆಳ್ಳನೆಯ ಕೈಗಳ ನಕ್ಷತ್ರಮೀನುಗಳನ್ನು ಕಾಸಿಲ್ದಾ ಹದಿನಾಲ್ಕರವರೆಗೆ ಎಣಿಸಿದ್ದಳು. ಇನ್ನು ಹತ್ತು ದಿನ ನೀರು ಬದಲಾಯಿಸದೆ ಹಾಗೆಯೇ ಬಿಡಬೇಕೆಂದು ಅಪ್ಪ ನಿರ್ಧರಿಸಿದರು. ಆವಿಯಾಗಿ ಇಳಿದಷ್ಟನ್ನು ಮಾತ್ರ ದಿನಾ ಸಂಜೆ ತುಂಬಿಸಬೇಕು. ಗಾಳಿಗೂ ಒಳಗಿನ ಬಿಸುಪಿಗೂ ದಿನಕ್ಕೆ ನಾಲ್ಕು ಲೀಟರ್ ಇಳಿಯುತ್ತಿತ್ತು. ತೊಟ್ಟಿಯ ಒಳಬದಿಯಲ್ಲಿ ಕಾಸಿಲ್ದಾ ಅಂಟಿಸಿದ ಕೆಂಪು ಪಟ್ಟಿಯವರೆಗೆ ನೀರು ಬರಬೇಕು.

ಹತ್ತೊಂಬತ್ತನೆಯ ದಿನ, ಡಿಸೆಂಬರ್ ಎರಡು, ಬೆಳಗಿನ ಕಾಫಿಯಲ್ಲಿ ಬ್ರೆಡ್ಡು ಅದ್ದುತ್ತ ಅಪ್ಪ ಹೇಳಿದರು: “ಇವತ್ತಿಂದ ಸಂಜೆ ನೀರು ತುಂಬಿಸೋದು ಯುರಿದಿಯಾ ಮಾಡಲಿ. ಕಾಸಿಲ್ದಾ ಬರೋಷ್ಟರಲ್ಲಿ ಹೊತ್ತಾಗುತ್ತೆ.”

“ನಾನು ನಾಲ್ಕೂವರೆಗೆ ಬರ್ತೀನಿ. ಮೂರು ವಾರದಿಂದ ನಾನೇ ತುಂಬಿಸ್ತಿದ್ದೀನಿ.”

“ದಣಿದು ಬರ್ತೀಯ. ನೀನು ಬರಕೋ, ಸಾಕು.”

ಹಿತ್ತಲಿನಲ್ಲಿ ಎರಡು ಪೀಪಾಯಿಗಳಿದ್ದವು. ನೀಲಿಯದರಲ್ಲಿ ಸೋಸಿದ ಸಿಹಿನೀರು. ಕಪ್ಪಿನದರಲ್ಲಿ ಅಪ್ಪ ಬಂದರಿನ ಕಲ್ಲುಗೋಡೆಯಾಚೆಯಿಂದ ಗಾಡಿಯಲ್ಲಿ ತಂದ ಕಡಲನೀರು. ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಸಿಹಿನೀರನ್ನು. ಇದು ಅಪ್ಪನಿಗೆ ಎಷ್ಟು ಸಹಜವೆಂದರೆ ಬಾಯಿಬಿಟ್ಟು ಹೇಳುವ ವಿಷಯವೆಂದೇ ಅವರಿಗೆ ತೋಚಲಿಲ್ಲ. ಯುರಿದಿಯಾಳಿಗೆ ಇನ್ನೊಂದು ಅಷ್ಟೇ ಸಹಜವಾಗಿತ್ತು: ಅವಳ ಮನೆಯಲ್ಲಿ ಸಿಂಪಿಯ ಬಕೆಟ್ಟಿಗೆ ಒಂದು ಲೋಟ ಸಿಹಿನೀರು ಬಿದ್ದರೂ ಬೆನ್ನಿಗೆ ಏಟು ಬೀಳುತ್ತಿತ್ತು. ಕಡಲಿನ ಜೀವಕ್ಕೆ ಸಿಹಿನೀರು ವಿಷ.

ಆ ಸಂಜೆ ಕಾಸಿಲ್ದಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಯುರಿದಿಯಾ ಕಪ್ಪು ಪೀಪಾಯಿಯ ಮುಚ್ಚಳ ತೆಗೆದು, ಲೋಟದ ಮೇಲೆ ಲೋಟ, ಕೆಂಪು ಪಟ್ಟಿಯವರೆಗೆ ಜೋಪಾನವಾಗಿ ಸುರಿಯುತ್ತಿದ್ದಳು. ಕಾಸಿಲ್ದಾ ಕಿಟಕಿಯ ಚಿಲಕಕ್ಕೆ ಕೈ ಹಾಕಿದಳು.

“ಯಾರನ್ನ ಕರೀತಿದ್ದೀಯ?” ಎಂದರು ಅಮ್ಮ, ಬಾಳೆಕಾಯಿ ಕರಿಯುತ್ತ.

“ಯಾರನ್ನೂ ಇಲ್ಲ. ಗಾಳಿ ಬರ್ತಿದೆ, ಮುಚ್ಚೋಣ ಅಂತ.”

ಮುಚ್ಚಿದಳು.

ಮರುದಿನ ಬೆಳಿಗ್ಗೆ ಉಪ್ಪು ಅಳೆಯುವ ಗಾಜಿನಲ್ಲಿ ಲೀಟರಿಗೆ ಮೂವತ್ತೈದು ಗ್ರಾಮಿನ ಬದಲು ಮೂವತ್ತಾರು ಕಂಡಿತು. ಬರೆದುಕೊಂಡಳು. ಒಂದು ದಿನದ ಉಪ್ಪಿನಿಂದ ಏನೂ ಆಗುವುದಿಲ್ಲ, ಇವತ್ತು ಸಂಜೆ ಹೇಳಿದರಾಯಿತು. ಸಂಜೆ ಮನೆಗೆ ಬಂದಾಗ ಅಪ್ಪನೂ ಯುರಿದಿಯಾಳೂ ಕಟ್ಟೆಯ ಮೇಲೆ ಕುಳಿತು ಒಂದೇ ಬಟ್ಟಲಿನಿಂದ ಕಡಲೆಕಾಯಿ ತಿನ್ನುತ್ತಿದ್ದರು. ಅಪ್ಪ ಮುಳುಗುವ ಕಾಲದ ಕಥೆ ಹೇಳುತ್ತಿದ್ದರು. ಕಾಸಿಲ್ದಾ ನೂರು ಸಲ ಕೇಳಿದ ಕಥೆ.

“ಆಮೇಲೆ ಏನಾಯ್ತು ಮಾವ?”

ಆಮೇಲೆ ಏನಾಯಿತೆಂದು ಕಾಸಿಲ್ದಾಳಿಗೆ ಗೊತ್ತಿತ್ತು. ಅವಳು ನೇರವಾಗಿ ಕೋಣೆಗೆ ಹೋದಳು.

ಮೂವತ್ತಾರು. ಮೂವತ್ತೇಳು. ಮೂವತ್ತೆಂಟು. ನಿನ್ನೆ ಹೇಳದಿದ್ದನ್ನು ಇವತ್ತು ಹೇಳಿದರೆ ನಿನ್ನೆ ಏಕೆ ಹೇಳಲಿಲ್ಲವೆಂಬ ಪ್ರಶ್ನೆ ಬರುತ್ತಿತ್ತು, ನಾಳೆಗೆ ಅದು ಎರಡರಷ್ಟಾಗುತ್ತಿತ್ತು. ಮೂವತ್ತೊಂಬತ್ತು, ಎರಡು ದಿನ. ಬೀಸಣಿಗೆ ಹುಳುಗಳು ಗರಿ ಮಡಚಿಕೊಂಡವು. ನಲವತ್ತು. ಆ ಬೆಳಿಗ್ಗೆ ತೊಟ್ಟಿಯ ತಳದಲ್ಲಿ ನಕ್ಷತ್ರಮೀನಿನ ಒಂದು ಕೈ ಮಾತ್ರ ಬಿದ್ದಿತ್ತು. ನಲವತ್ತೊಂದು. ಅಂದು ಊಟದಲ್ಲಿ ಅವಳು ಏನೂ ತಿನ್ನಲಿಲ್ಲ.

“ಹುಷಾರಿಲ್ವಾ?” ಎಂದು ಕೇಳಿದಳು ಯುರಿದಿಯಾ. “ಕಷಾಯ ಮಾಡ್ಲಾ ಅತ್ತಿಗೆ?”

“ನಿನ್ನ ಕೆಲಸ ನೀನು ನೋಡ್ಕೋ.”

“ಬಪ್ಪರೆ! ನಿಮ್ಮ ಕೆಲಸಾನೂ ನಾನೇ ನೋಡ್ತಿದ್ದೀನಲ್ಲ ಈಗ,” ಎಂದು ಯುರಿದಿಯಾ ತಮಾಷೆಗೆ ಅಂದಳು. ನಗು ಯಾರಿಗೂ ಬರಲಿಲ್ಲ, ಅಪ್ಪನಿಗೊಬ್ಬರಿಗೆ ಬಿಟ್ಟು.

ಇಪ್ಪತ್ತೆಂಟನೆಯ ದಿನವೂ ಗಾಜಿನಲ್ಲಿ ನಲವತ್ತೊಂದೇ. ಆ ದಿನ ಯುರಿದಿಯಾ ತೊಟ್ಟಿಯ ಮುಚ್ಚಳ ತೆಗೆದು ಹಿಂದೆ ಸರಿದಳು. “ಮಾವ, ಸಾಯ್ತಿವೆ. ಒಂದಲ್ಲ, ಎಲ್ಲ ಕಡೆ.”

ಡಿಸೆಂಬರ್ ಹನ್ನೆರಡು, ಗ್ವಾದಲೂಪೆ ಮಾತೆಯ ಹಬ್ಬ. ಬೀದಿಯಲ್ಲಿ ಬೆಳಗಿನಿಂದ ಪಟಾಕಿ. ಅಮ್ಮ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಕಡುಬುಗಳನ್ನು ಮೇಜಿನ ಮೇಲಿಟ್ಟಿದ್ದರು. ಅಪ್ಪ ಎಲೆ ಬಿಚ್ಚಲಿಲ್ಲ.

“ಕಾಸಿಲ್ದಾ, ನಿನ್ನ ಪುಸ್ತಕ ತಾ.”

ಅವಳು ಹೋಗಿ ತಂದಳು. ಪುಟ ಹರಿದು ತರಬಹುದಿತ್ತು, ಹಾಗೆ ಮಾಡಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಮೇಲಿನಿಂದ ಕೆಳಕ್ಕೆ ಉಪ್ಪಿನ ಅಂಕಣವನ್ನು ಓದಿದರು. ಆಮೇಲೆ ಇನ್ನೊಮ್ಮೆ, ಈ ಸಲ ಗಟ್ಟಿಯಾಗಿ.

“ಮೂವತ್ತೈದು, ಮೂವತ್ತಾರು, ಮೂವತ್ತಾರು, ಮೂವತ್ತೇಳು, ಮೂವತ್ತೆಂಟು... ನಲವತ್ತೊಂದು, ನಲವತ್ತೊಂದು. ಯುರಿದಿಯಾ, ಯಾವ ಪೀಪಾಯಿಯಿಂದ ನೀರು ಹಾಕ್ತಿದ್ದೆ?”

“ಕಪ್ಪಿನದು. ಕಡಲದ್ದು. ಇನ್ಯಾವುದು ಹಾಕ್ತಾರೆ? ಸಿಹಿನೀರು ಹಾಕಿದ್ರೆ ಸಾಯಲ್ವಾ?”

ಅಪ್ಪ ಕಣ್ಣು ಮುಚ್ಚಿಕೊಂಡರು. “ನಾನು ಹೇಳಬೇಕಿತ್ತು. ಅದು ನನ್ನ ತಪ್ಪು.” ಕಣ್ಣು ತೆರೆದು ಮಗಳ ಕಡೆ ನೋಡಿದರು. “ನೀನು ದಿನಾ ಬರೆದಿದ್ದೀಯ.”

“ಬರೆದಿದ್ದೀನಿ.”

“ಹೇಳಲಿಲ್ಲ.”

“ನೀವೇ ಅಂದ್ರಲ್ಲ, ಬರಕೋ, ಸಾಕು ಅಂತ.”

“ಅವಳು ಹಾಕೋದನ್ನ ನೋಡಿದ್ಯಾ?”

ಬೀದಿಯಲ್ಲಿ ಒಂದು ಪಟಾಕಿ ಸರ ಪೂರ್ತಿ ಸಿಡಿದು ಮುಗಿಯಿತು.

“ನೋಡಿದೆ.”

“ಯಾವತ್ತು?”

“ಮೊದಲನೇ ದಿನ.”

ಯುರಿದಿಯಾ ಎದ್ದು ನಿಂತಳು. ಅಲ್ವರಾದೋದವಳ ಬಾಯಿಂದ ಇಂಥ ಹೊತ್ತಿನಲ್ಲಿ ಏನು ಬರಬಹುದೆಂದು ಫೆರ್ಮೀನನಿಗೆ ಗೊತ್ತಿತ್ತು. ಅವನು ಅವಳ ಮೊಣಕೈ ಹಿಡಿದ. ಆದರೆ ಅವಳು ಒಂದೂ ಬೈಗುಳ ಆಡಲಿಲ್ಲ.

“ನನ್ನ ಕೈಯಿಂದಾನೇ ಕೊಲ್ಲಿಸಿದ್ರಿ,” ಎಂದಳು. “ಒಂಬತ್ತು ದಿನ. ಲೋಟದ ಮೇಲೆ ಲೋಟ. ಕಿಟಕಿ ತೆಗೆದು ‘ಏ ಕತ್ತೆ, ಅದಲ್ಲ ಇದು’ ಅಂದಿದ್ರೆ ಮುಗೀತಿತ್ತು. ನಾನು ಕತ್ತೆ ಅನ್ನಿಸಿಕೊಳ್ಳೋಕ್ಕೆ ಬೇಜಾರು ಮಾಡ್ಕೊಳ್ಳೋಳಲ್ಲ ಅತ್ತಿಗೆ.”

“ಒಂದು ಕಲ್ಲಿಗೋಸ್ಕರ ಹಬ್ಬದ ದಿನ...” ಎಂದು ಅಮ್ಮ ಶುರುಮಾಡಿದರು.

“ಕಲ್ಲಿನ ಮಾತಲ್ಲ ಎರ್ಮಿನಿಯಾ,” ಎಂದರು ಅಪ್ಪ.

ಮಧ್ಯಾಹ್ನ ಅವರು ಒಬ್ಬರೇ ದಂತವೈದ್ಯರ ಮನೆಗೆ ಹೋಗಿ, ತೊಟ್ಟಿ ಹೊಸ ವರ್ಷಕ್ಕೆ ಸಿದ್ಧವಾಗುವುದಿಲ್ಲವೆಂದು ಹೇಳಿ, ಕ್ಷಮೆ ಕೇಳಿ ಬಂದರು. ಕಾರಣ ಏನೆಂದು ಹೇಳಿದರೋ ಕಾಸಿಲ್ದಾ ಕೇಳಲಿಲ್ಲ.

ಸಂಜೆ ಇಬ್ಬರನ್ನೂ ತೊಟ್ಟಿಯ ಬಳಿ ಕರೆದರು. “ಇವತ್ತಿಂದ ಸಿಹಿನೀರು, ಸ್ವಲ್ಪ ಸ್ವಲ್ಪವಾಗಿ, ಹತ್ತು ದಿನದಲ್ಲಿ ಉಪ್ಪು ಮೂವತ್ತೈದಕ್ಕೆ ಬರಲಿ. ದಿನಾ ಬೆಳಿಗ್ಗೆ ಯುರಿದಿಯಾ ಮೊದಲು ಮೂಸ್ತಾಳೆ. ಅವಳು ಹೇಳಿದ್ದನ್ನ ಕಾಸಿಲ್ದಾ ಮೊದಲು ಬರೀಬೇಕು, ಆಮೇಲೆ ಬಾಟಲಿ ತೆಗೀಬೇಕು. ಎರಡೂ ಒಂದೇ ಮಾತು ಹೇಳೋವರೆಗೆ ಕಲ್ಲು ಎತ್ತಬಾರದು. ದಿನಾ ಎತ್ತಿಳಿಸಿದ್ರೆ ಉಳಿದಿರೋದೂ ಸಾಯುತ್ತೆ. ಮೂಗು, ಬಾಟಲಿ, ಯಾವುದು ಸತ್ತಿದ್ದನ್ನ ಮೊದಲು ಸರಿಯಾಗಿ ಹೇಳುತ್ತೋ, ಗಾಡಿ ಕೀಲಿ ಅದರವರಿಗೆ.”

“ಇವರ ಕೈಯಲ್ಲಿ ಬರೆಸ್ತೀರಾ?” ಎಂದಳು ಯುರಿದಿಯಾ.

“ಬರೆಯೋದರಲ್ಲಿ ಅವಳಿಗೆ ಸುಳ್ಳು ಬರೋದಿಲ್ಲ. ಅದೊಂದನ್ನ ಇನ್ನೂ ನಂಬ್ತೀನಿ.”

ಮುಂದಿನ ಎರಡು ವಾರ ಆ ಇಬ್ಬರ ನಡುವೆ ನಡೆದ ಮಾತುಗಳಲ್ಲಿ ನೀರಿಗೆ ಸಂಬಂಧಿಸದ್ದು ಒಂದೂ ಇರಲಿಲ್ಲ. ಅಡುಗೆಮನೆಯಲ್ಲಿ ಒಬ್ಬಳು ಬಂದರೆ ಇನ್ನೊಬ್ಬಳು ಹೊರಡುತ್ತಿದ್ದಳು. ಪಾತ್ರೆ ತೊಳೆಯುವ ಸರದಿಯನ್ನು ಅಮ್ಮ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯಬೇಕಾಯಿತು. ಹನ್ನೊಂದು ಕಲ್ಲುಗಳಲ್ಲಿ ನಾಲ್ಕು ಪೂರ್ತಿ ಬಿಳಚಿಕೊಂಡವು. ನೀರು ಮತ್ತೆ ಎರಡು ಸಲ ಬದಲಾಯಿತು. ಬಕೆಟ್ಟುಗಳನ್ನು ಎತ್ತಿದವಳು ಕಾಸಿಲ್ದಾ. ಯಾರೂ ಹೇಳದೆ, ಎಲ್ಲವನ್ನೂ. ಯುರಿದಿಯಾ ಬಗ್ಗಿ ಮೂಸುವಾಗ ಅಪ್ಪ ಅವಳ ಮುಖವನ್ನು ನೋಡುತ್ತಿದ್ದ ರೀತಿಯನ್ನು ಮಾತ್ರ ಕಾಸಿಲ್ದಾ ನೋಡಲಾರದೆ ಪುಸ್ತಕಕ್ಕೆ ಕಣ್ಣು ಹಾಕುತ್ತಿದ್ದಳು. ಚಿಕ್ಕಂದಿನಲ್ಲಿ ಅವಳು ಪಾಠ ಒಪ್ಪಿಸುವಾಗ ಅವರು ಹಾಗೆ ನೋಡುತ್ತಿದ್ದರು.

ನಲವತ್ತನೆಯ ದಿನದ ಹೊತ್ತಿಗೆ ಮೂಗೂ ಬಾಟಲಿಯೂ ಒಂದೇ ಮಾತು ಹೇಳಿದವು: ತಿಳಿಯಾಗಿದೆ.

ನಲವತ್ತನಾಲ್ಕನೆಯ ದಿನ, ಶುಕ್ರವಾರ, ಯುರಿದಿಯಾ ತೊಟ್ಟಿಯ ಎಡ ಮೂಲೆಯಲ್ಲಿ ಹೆಚ್ಚು ಹೊತ್ತು ನಿಂತಳು.

“ಬರೀರಿ. ಎಡ ಮೂಲೆ. ಚಪ್ಪಟೆ ಕಲ್ಲಿನ ಕೆಳಗೆ ಏನೋ ಸತ್ತಿದೆ.”

ಕಾಸಿಲ್ದಾ ಬರೆದಳು. ಆಮೇಲೆ ಕೊಳವೆಯಲ್ಲಿ ನೀರು ತೆಗೆದು ಹನಿ ಹಾಕಿ ಐದು ನಿಮಿಷ ಕಾದಳು. ಅಮೋನಿಯ ಸೊನ್ನೆ. ಇನ್ನೊಂದು ಕೊಳವೆ. ಸೊನ್ನೆ. ಎದೆಯಲ್ಲಿ ಹಗುರವಾದದ್ದೇನೋ ಮೇಲೆದ್ದಿತು. ಅದು ತುಟಿಯವರೆಗೆ ಬರದಂತೆ ಅವಳು ಕೊಳವೆಯನ್ನು ಹಿಂದಕ್ಕೆ ತಿರುಗಿಸಿ ಹಿಡಿದಳು.

“ಏನೂ ಇಲ್ಲ,” ಎಂದಳು.

“ಇದೆ,” ಎಂದಳು ಯುರಿದಿಯಾ.

ನಲವತ್ತೈದನೆಯ ದಿನವೂ ಅದೇ: ಎಡ ಮೂಲೆ, ಚಪ್ಪಟೆ ಕಲ್ಲು. ಬಾಟಲಿಯಲ್ಲಿ ಸೊನ್ನೆ. ಅಂದು ಡಿಸೆಂಬರ್ ಇಪ್ಪತ್ತೆಂಟು, ಒಬ್ಬರನ್ನೊಬ್ಬರು ಮಂಗ ಮಾಡುವ ದಿನ.

“ಇವತ್ತಿನ ದಿನ ನೋಡಿ ತಮಾಷೆ ಮಾಡ್ತಿದ್ದೀಯಾ?”

“ನಿಮ್ಮ ಜೊತೆ ತಮಾಷೆ ಮಾಡೋ ಸಲಿಗೆ ಕಟ್ಟೋಕ್ಕೆ ಇನ್ನೂ ಇಟ್ಟಿಗೆ ಬಂದಿಲ್ಲ ಅತ್ತಿಗೆ,” ಎಂದಳು ಯುರಿದಿಯಾ. ಮಧ್ಯಾಹ್ನ ಅವಳೂ ಫೆರ್ಮೀನನೂ ಅವಳ ತವರಿಗೆ ಹೊರಟರು. ಹೊಸ ವರ್ಷ ಕಳೆದು ಬರುವುದೆಂದು ಮಾತಾಗಿತ್ತು.

ನಲವತ್ತಾರನೆಯ ದಿನ ಭಾನುವಾರ. ಅಪ್ಪ ಅಮ್ಮ ಚರ್ಚಿಗೆ ಹೋಗಿದ್ದರು. ಹಿತ್ತಲಿನಲ್ಲಿ ಕಾಸಿಲ್ದಾ ಒಬ್ಬಳೇ. ಕೊಳವೆಯಲ್ಲಿ ನೀರು ಹಳದಿಯಾಗಿ ಉಳಿಯಬೇಕಿದ್ದದ್ದು ಅಂಚಿನಲ್ಲಿ ತೆಳುವಾದ ಹಸಿರಿಗೆ ತಿರುಗಿತು. ಬಿಳಿ ಕಾಗದದ ಮುಂದೆ ಹಿಡಿದಳು, ಬಿಸಿಲಿಗೆ ಹಿಡಿದಳು, ಇನ್ನೊಂದು ಕೊಳವೆ ತೊಳೆದು ಮತ್ತೆ ಮಾಡಿದಳು. ಕಾಲು. ಅಮೋನಿಯ ಸೊನ್ನೆಯಲ್ಲ, ಕಾಲು ಅಂಶ.

ಅಂಗಿಯ ತೋಳು ಮಡಚಿ ಎಡ ಮೂಲೆಯ ಚಪ್ಪಟೆ ಕಲ್ಲನ್ನು ಎತ್ತಿದಳು. ಅದರ ಕೆಳಹೊಟ್ಟೆಯ ಗುಳಿಯಲ್ಲಿ ಹೆಬ್ಬೆರಳು ಗಾತ್ರದ ಸ್ಪಂಜೊಂದು ಬೂದುಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಕಟ್ಟೆಯ ಮೇಲಿದ್ದ ಅಪ್ಪನ ಬ್ರಷ್ಷಿನಿಂದ ಅದನ್ನು ಕೆರೆದು ತೆಗೆದಳು. ಕಲ್ಲನ್ನು ಕಡಲನೀರಿನಲ್ಲಿ ಅದ್ದಿ ಮತ್ತೆ ಅದರ ಜಾಗದಲ್ಲೇ ಇಟ್ಟಳು. ನಾಳೆ ಬೆಳಿಗ್ಗೆಯ ಹೊತ್ತಿಗೆ ಅಮೋನಿಯ ಸೊನ್ನೆಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸ್ಪಂಜು ಅಂಗೈಯಲ್ಲಿತ್ತು. ಕಸದ ಬುಟ್ಟಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಇವತ್ತಿನ ಸಾಲು ಇನ್ನೂ ಖಾಲಿಯಿತ್ತು. ಸುಳ್ಳು ಬರೆಯಬೇಕಾಗಿಯೂ ಇರಲಿಲ್ಲ, ಬರೆಯದೆ ಬಿಟ್ಟರೆ ಸಾಕಿತ್ತು.

ಅಪ್ಪ ಬಂದು ಕುರ್ಚಿ ಎಳೆದುಕೊಂಡು ಕುಳಿತಾಗ ಕಪ್ಪು ಬೀನ್ಸಿನ ಪಾತ್ರೆಯ ಪಕ್ಕದಲ್ಲಿ ಒಂದು ಸಣ್ಣ ತಟ್ಟೆಯಿತ್ತು.

“ಇದ್ಯಾವ ಅಡುಗೆ?” ಎಂದು ಅಮ್ಮ ಬಗ್ಗಿ ನೋಡಿ ಥಟ್ಟನೆ ಮುಖ ಹಿಂದೆಗೆದರು. “ಥೂ! ಊಟದ ಮೇಜಿನ ಮೇಲೆ! ನಿನಗೇನು ಬುದ್ಧಿ ಕೆಟ್ಟಿದ್ಯಾ?”

ಅಪ್ಪ ತಟ್ಟೆಯನ್ನು ನೋಡಿದರು, ಮಗಳನ್ನು ನೋಡಿದರು. “ಎಲ್ಲಿತ್ತು?”

“ಎಡ ಮೂಲೆ. ಚಪ್ಪಟೆ ಕಲ್ಲಿನ ಕೆಳಗೆ.”

“ಓದು.”

ಕಾಸಿಲ್ದಾ ಪುಸ್ತಕ ತೆರೆದಳು. ಐಸ್ ಕಾರ್ಖಾನೆಯಲ್ಲಿ ವರದಿ ಓದುವ ಹಾಗೆ, ಓದಿದಳು:

“ಎಡ ಮೂಲೆಯ ಕಲ್ಲಿನಡಿ ಸತ್ತ ಸ್ಪಂಜು, ಒಂದು. ಯುರಿದಿಯಾಳ ಮೂಗು ತಿಳಿಸಿದ್ದು ನಲವತ್ತನಾಲ್ಕನೆಯ ದಿನ. ಪರೀಕ್ಷೆ ತಿಳಿಸಿದ್ದು ನಲವತ್ತಾರನೆಯ ದಿನ. ಮೂಗು ಎರಡು ದಿನ ಮುಂದಿದೆ.”